ಜ್ವರವಿಲ್ಲ, ನೋವಿಲ್ಲ, ಆದರೂ ಒಳಗೆ ಊತ ಅಂದರೆ ಏನು?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮ ಯಜಮಾನರಿಗೆ 47 ವರ್ಷ, ಐಟಿ ಕೆಲಸ, ಶುಗರ್ ಇದೆ. ಮಗಳಿಗೆ 19. ಮುಟ್ಟು ಸರಿಯಾಗಿ ಆಗುತ್ತಿಲ್ಲ, ಗಲ್ಲದ ಮೇಲೆ ಕೂದಲು ಬರುತ್ತಿದೆ, ಪಿಸಿಒಡಿ (ಅಂಡಾಶಯದ ಹಾರ್ಮೋನು ತೊಂದರೆ) ಎಂದಿದ್ದಾರೆ. ಇಬ್ಬರಿಗೂ ಡಾಕ್ಟರು ಹೇಳಿದ್ದು ಒಂದೇ ಮಾತು: ಒಳಗೆ ಊತ ಇದೆ, ಹೊಟ್ಟೆ ಕರಗಿಸಿ. ಇಬ್ಬರಿಗೂ ಜ್ವರ, ನೋವು ಏನೂ ಇಲ್ಲ. ಹಾಗಾದರೆ ಊತ ಎಲ್ಲಿದೆ? ಅದು ಇಳಿಯೋಕೆ ಮಾತ್ರೆ ತಗೊಂಡರೆ ಸಾಲದಾ?
– ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ಊತ ಇರುವುದು ಹೊಟ್ಟೆಯ ಕೊಬ್ಬಿನಲ್ಲಿ. ಅದು ನೋಯುವುದಿಲ್ಲ, ಅದಕ್ಕೇ ಜನ ನಂಬುವುದಿಲ್ಲ.

ನಮ್ಮ ಮೈಯಲ್ಲಿ ಮ್ಯಾಕ್ರೋಫೇಜ್ ಎಂಬ ಕೋಶಗಳಿವೆ. ರೋಗಾಣುಗಳನ್ನು, ಸತ್ತ ಕೋಶಗಳನ್ನು ನುಂಗಿ ಅರಗಿಸುವುದು ಇವುಗಳ ಕೆಲಸ. ಇಂಥ ನುಂಗುವ ಕೋಶಗಳನ್ನು ಮೆಚ್ನಿಕಾಫ್ ಎಂಬ ವಿಜ್ಞಾನಿ 1882ರಲ್ಲೇ ಗುರುತಿಸಿದ್ದರು, 1908ರಲ್ಲಿ ಅವರಿಗೆ ನೊಬೆಲ್ ಕೂಡ ಬಂತು. ಆದರೆ ದಪ್ಪಗಿರುವವರ ಕೊಬ್ಬಿನಲ್ಲಿ ಇವು ಗುಂಪುಗಟ್ಟುತ್ತವೆ ಎಂದು ಸ್ಪಷ್ಟವಾಗಿ ಗೊತ್ತಾಗಿದ್ದು 2003ರಲ್ಲಿ. ತೆಳ್ಳಗಿರುವವರ ಕೊಬ್ಬಿನಲ್ಲಿ ನೂರು ಕೋಶಕ್ಕೆ ಹತ್ತಕ್ಕಿಂತ ಕಡಿಮೆ ಮ್ಯಾಕ್ರೋಫೇಜ್ ಇದ್ದರೆ, ಬೊಜ್ಜು ಬಂದವರಲ್ಲಿ ಅದು 40ರ ಹತ್ತಿರ ಹೋಗಬಹುದು. ಎಷ್ಟು ವ್ಯತ್ಯಾಸ ನೋಡಿ!

ಅಲ್ಲಿ ಆಗುವುದು ಇಷ್ಟು. ತಿಂದದ್ದು ಜಾಸ್ತಿಯಾಗಿ ಕೊಬ್ಬಿನ ಕೋಶಗಳು ಉಬ್ಬುತ್ತಾ ಹೋಗುತ್ತವೆ, ಕೆಲವು ಸಾಯುತ್ತವೆ, ಸತ್ತದ್ದರ ಸುತ್ತ ಮ್ಯಾಕ್ರೋಫೇಜ್‌ಗಳು ಮುತ್ತಿಕೊಂಡು ಟಿಎನ್‌ಎಫ್ ಮುಂತಾದ ಊತ ಎಬ್ಬಿಸುವ ರಾಸಾಯನಿಕಗಳನ್ನು ಬಿಡುತ್ತವೆ. ಇವು ರಕ್ತದ ಸಕ್ಕರೆಯನ್ನು ಕೋಶಗಳೊಳಗೆ ಸೇರಿಸುವ ಇನ್ಸುಲಿನ್ ಎಂಬ ಹಾರ್ಮೋನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಹೊಟ್ಟೆಯೊಳಗಿನ ಕೊಬ್ಬಿನ ರಕ್ತ ನೇರ ಲಿವರ್‌ಗೆ ಹೋಗುವುದರಿಂದ ಲಿವರ್‌ಗೂ ಏಟು ಬೀಳುತ್ತದೆ. ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಅದನ್ನು ಇಳಿಸಲು ಮೇದೋಜೀರಕ ಗ್ರಂಥಿ ಇನ್ನೂ ಜಾಸ್ತಿ ಇನ್ಸುಲಿನ್ ಸುರಿಯುತ್ತದೆ, ಸುರಿದೂ ಸುರಿದೂ ಸೋಲುತ್ತದೆ. ನಿಮ್ಮ ಯಜಮಾನರ ಶುಗರ್ ಹಿಂದೆ ಇರುವ ಒಂದು ದೊಡ್ಡ ಕಾರಣ ಇದು.

ಮಗಳ ವಿಷಯಕ್ಕೆ ಬರೋಣ. ಹೀಗೆ ಹೆಚ್ಚಾದ ಇನ್ಸುಲಿನ್ ಅಂಡಾಶಯದ ಮೇಲೂ ಕೆಲಸ ಮಾಡಿ ಗಂಡು ಹಾರ್ಮೋನು ಜಾಸ್ತಿ ಮಾಡಿಸುತ್ತದೆ. ಅಂಡ ಸರಿಯಾಗಿ ಬಲಿತು ಹೊರಬರುವುದಿಲ್ಲ, ಮುಟ್ಟು ತಪ್ಪುತ್ತದೆ, ಗಲ್ಲದ ಮೇಲೆ ಕೂದಲು ಬರುತ್ತದೆ. ತಂದೆಗೂ ಮಗಳಿಗೂ ಒಂದೇ ಸಲಹೆ ಸಿಕ್ಕಿದ್ದು ಇದಕ್ಕೇ. ಆದರೆ ದಯವಿಟ್ಟು ಅವಳ ತಿಂಡಿಯನ್ನು ಆಡಿಕೊಳ್ಳಬೇಡಿ. ತೆಳ್ಳಗಿರುವ ಹುಡುಗಿಯರಿಗೂ ಪಿಸಿಒಡಿ ಬರುತ್ತದೆ, ವಂಶದ ಪಾಲೂ ಇದೆ.

ಊತ ಇಳಿಸೋಕೆ ಅಂತ ಮಾತ್ರೆ ಬೇಡವೇ ಬೇಡ. ನೋವಿನ ಮಾತ್ರೆ ದಿನಾ ನುಂಗಿದರೆ ಹೊಟ್ಟೆ, ಕಿಡ್ನಿ ಕೆಡುತ್ತವೆ. ಸ್ಟೀರಾಯ್ಡ್ ಊತ ಇಳಿಸುತ್ತದೆ ನಿಜ, ಶುಗರ್ ಏರಿಸುತ್ತದೆ. ಟಿಎನ್‌ಎಫ್ ತಡೆಯುವ ಇಂಜೆಕ್ಷನ್ ಕೀಲುವಾತಕ್ಕೆ ಕೊಡುತ್ತಾರೆ, ಅದನ್ನು ಕೊಡುವ ಮುಂಚೆ ಟಿಬಿ ಪರೀಕ್ಷೆ ಮಾಡಿಸುತ್ತಾರೆ. ಯಾಕೆಂದರೆ ಶ್ವಾಸಕೋಶದಲ್ಲಿ ಸುಮ್ಮನೆ ಮಲಗಿರುವ ಟಿಬಿಯನ್ನು ಕಟ್ಟಿಹಾಕಿರುವುದೂ ಇದೇ ಮ್ಯಾಕ್ರೋಫೇಜ್‌ಗಳು, ಇದೇ ಟಿಎನ್‌ಎಫ್. ಇವುಗಳನ್ನು ಪೂರ್ತಿ ಬಾಯಿ ಮುಚ್ಚಿಸುವುದು ಅಪಾಯ, ಅಲ್ವಾ?

ಒಂದು ಟೇಪ್ ತಗೊಂಡು ಹೊಟ್ಟೆಯ ಸುತ್ತಳತೆ ನೋಡಿ. ನಮ್ಮ ದೇಶದ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. ಇಬ್ಬರೂ ತೀರಾ ತೆಳ್ಳಗಾಗಬೇಕಿಲ್ಲ. 80 ಕಿಲೋ ಇರುವವರು ನಾಲ್ಕೈದು ಕಿಲೋ ಇಳಿದರೂ ಇನ್ಸುಲಿನ್ ಎಷ್ಟೋ ಚೆನ್ನಾಗಿ ಕೆಲಸ ಮಾಡುತ್ತದೆ, ಎಷ್ಟೋ ಹುಡುಗಿಯರಿಗೆ ಮುಟ್ಟು ಮತ್ತೆ ಸರಿಯಾಗುತ್ತದೆ. ನಡೆಯುವಾಗ ಸ್ನಾಯುಗಳು ಇನ್ಸುಲಿನ್ ನೆರವಿಲ್ಲದೆಯೂ ಸಕ್ಕರೆ ಎಳೆದುಕೊಳ್ಳುತ್ತವೆ, ಹಾಗಾಗಿ ರಾತ್ರಿ ಊಟ ಆದಮೇಲೆ ಸ್ವಲ್ಪ ಹೊತ್ತು ಅಪ್ಪ ಮಗಳು ಇಬ್ಬರೂ ಜೊತೆಗೆ ನಡೆಯಲಿ. ಯಜಮಾನರ ಶುಗರ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಮಗಳಿಗೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ), ಥೈರಾಯ್ಡ್ ಪರೀಕ್ಷೆ ಮಾಡಿಸಿಲ್ಲದಿದ್ದರೆ ಮಾಡಿಸಿ, ಮೂರು ತಿಂಗಳು ಮುಟ್ಟೇ ಆಗದಿದ್ದರೆ ಕಾಯದೆ ಸ್ತ್ರೀರೋಗ ತಜ್ಞರಿಗೆ ತೋರಿಸಿ.