ಕಾಲುವೆ ದಂಡೆ, ಸೈಕಲ್ಲು: ನೀವು ಕೇಳಿದ್ದು, ನಾವು ಹೇಳುವುದು

ತುಂಗಭದ್ರಾ ಕಾಲುವೆಗಳ ದಂಡೆಯಲ್ಲಿ ಸೈಕಲ್ ತುಳಿಯುವ ಬಗ್ಗೆ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯಿಂದ ಪತ್ರಗಳು ಬಂದಿವೆ. ಒಂದೇ ಅರ್ಥದವನ್ನು ಕೂಡಿಸಿ ಉತ್ತರಿಸಿದ್ದೇವೆ.

*ಮುನಿರಾಬಾದಿನಿಂದ ಎಡದಂಡೆ ಕಾಲುವಿ ದಂಡಿ ಹಿಡಿದು ಹೊಂಟ್ರ ಸಿಂಧನೂರು ತನಕ ಲಾರಿ, ಬಸ್ಸಿನ ಕಾಟ ಇಲ್ಲದಂಗ ಹೋಗಬಹುದೇನ್ರಿ? (ಓದುಗರು, ಕೊಪ್ಪಳ)*

ಲಾರಿ, ಬಸ್ಸು ಇಲ್ಲದೆ ಹೋಗಬಹುದು. ಆದರೆ ಒಂದೇ ದಾರಿ ಉದ್ದಕ್ಕೂ ಸಿಗುವುದಿಲ್ಲ. ಎಡದಂಡೆ ಮುಖ್ಯ ಕಾಲುವೆ 227 ಕಿ.ಮೀ. ಉದ್ದದ್ದು. ಪಕ್ಕದ ರಸ್ತೆ ಇರುವುದು ನೀರಾವರಿ ಸಿಬ್ಬಂದಿ ಓಡಾಡಿ ಗೇಟು, ತೂಬು ನೋಡಿಕೊಳ್ಳಲಿಕ್ಕೆ, ಸವಾರಿಗೆಂದು ಮಾಡಿದ್ದಲ್ಲ. ಹಾಗಾಗಿ ಒಂದು ಕಡೆ ಡಾಂಬರು, ಒಂದು ಕಡೆ ಗರಸು, ಇನ್ನೊಂದು ಕಡೆ ಬರೀ ಎರೆಮಣ್ಣು. ಕಾಲುವೆ ಹಳ್ಳ ದಾಟುವ ಮೇಲ್ಗಾಲುವೆಗಳ ಹತ್ತಿರ, ಗುಡ್ಡ ಕೊರೆದ ಸುರಂಗದ ಹತ್ತಿರ ದಂಡೆಯ ದಾರಿ ತುಂಡಾಗುತ್ತದೆ. ಅಲ್ಲಿ ಇಳಿದು ಊರ ರಸ್ತೆ ಹಿಡಿದು, ಮುಂದಿನ ಸೇತುವೆಯಲ್ಲಿ ಮತ್ತೆ ಏರಿ ಹತ್ತಬೇಕು.

ಹೊರಡುವ ಮೊದಲು ಮೊಬೈಲಿನಲ್ಲಿ ಉಪಗ್ರಹ ನಕ್ಷೆ ತೆಗೆದು ಎರಡು ಸಂಗತಿ ಗುರುತು ಮಾಡಿಕೊಳ್ಳಿ: ಸೇತುವೆ ಎಲ್ಲೆಲ್ಲಿವೆ, ರಸ್ತೆ ಯಾವ ದಂಡೆಯಲ್ಲಿದೆ. ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತರೆ ನಿಮ್ಮ ಬಲಗಡೆ, ಅಂದರೆ ನದಿಯ ಕಡೆ, ಜಮೀನು ತಗ್ಗು. ಏರಿ ಎತ್ತಿ ಕಟ್ಟಿರುವುದು ಆ ಕಡೆ; ರಸ್ತೆಯೂ ಸಾಮಾನ್ಯವಾಗಿ ಆ ಕಡೆಯೇ. ದಾರಿ ಕೇಳುವಾಗ ಕಿಲೋಮೀಟರ್ ಲೆಕ್ಕ ಬಿಡಿ. ಈ ಕಾಲುವೆಯಲ್ಲಿ ಇಂದಿಗೂ ಮೈಲಿನ ಲೆಕ್ಕವೇ: 47ನೇ ಮೈಲು, 69ನೇ ಮೈಲು, 104ನೇ ಮೈಲು ಎಂದರೆ ಗೇಜ್, ಅಂದರೆ ನೀರಿನ ಮಟ್ಟ, ನೋಡುವ ಜಾಗಗಳು, ರೈತರ ಬಾಯಲ್ಲಿರುವ ಗುರುತುಗಳು.

ಗೇಟು ಹಾಕಿದ್ದ ಕಡೆ ಸೈಕಲ್ ಎತ್ತಿ ದಾಟಿಸಬೇಡಿ. ಹತ್ತಿರದ ನೀರಾವರಿ ಉಪವಿಭಾಗದ ಕಚೇರಿಯಲ್ಲಿ ಮೊದಲೇ ಕೇಳಿಕೊಂಡು ಹೋಗುವುದು ಒಳ್ಳೆಯದು. ಕಾಲುವೆಯ ಕೊನೆಭಾಗದ ಜಮೀನಿಗೆ ನೀರು ಮುಟ್ಟದ ವರ್ಷಗಳಲ್ಲಿ ಕಾಲುವೆಯ ಆಸುಪಾಸು ನಿಷೇಧಾಜ್ಞೆ ಹಾಕುವುದುಂಟು. ಆಗ ದಂಡೆಯ ಮೇಲೆ ಯಾರೇ ಕಂಡರೂ ವಿಚಾರಣೆ ತಪ್ಪದು. ಸವಾರಿ ಮುಂದಕ್ಕೆ ಹಾಕಿ.

ನಮ್ಮನ್ನು ಕೇಳಿದರೆ ಮುಖ್ಯ ಕಾಲುವೆಗಿಂತ ಅದರಿಂದ ಒಡೆದು ಹೋಗುವ ಉಪಕಾಲುವೆಗಳ ದಾರಿಯೇ ವಾಸಿ. ನೆರಳು ಹೆಚ್ಚು, ನೀರಿನ ಆಳ ಕಡಿಮೆ, ಎರಡು ಮೂರು ಕಿ.ಮೀ.ಗೊಂದು ಊರು ಇಲ್ಲವೇ ಕ್ಯಾಂಪು (ಕಾಲುವೆ ಬಂದ ಮೇಲೆ ವಲಸೆ ರೈತರು ಕಟ್ಟಿಕೊಂಡ ಊರು). ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ಕ್ಯಾಂಪುಗಳಲ್ಲಿ ಬೆಳಿಗ್ಗೆ ಇಡ್ಲಿ, ಚಹಾಕ್ಕೆ ಕೊರತೆಯಿಲ್ಲ.

*ಯಾವ ತಿಂಗಳು ಹೊರಡಬೇಕು? (ಮಾನ್ವಿ)*

ಕ್ಯಾಲೆಂಡರಿಗಿಂತ ಮೊದಲು ಮೂರು ವಿಷಯ ನೋಡಿ: ನೀರು, ಸುಗ್ಗಿ, ಗಾಳಿ.

ಜಲಾಶಯ ತುಂಬುವುದನ್ನು ನೋಡಿಕೊಂಡು ಸಾಮಾನ್ಯವಾಗಿ ಜುಲೈನಲ್ಲಿ ಕಾಲುವೆಗೆ ನೀರು ಬಿಡುತ್ತಾರೆ. ಆಗಸ್ಟಿನಲ್ಲಿ ನಾಟಿ. ನೋಡಲು ಚೆಂದ, ಆದರೆ ಎರೆಮಣ್ಣು ಹಸಿಯಾಗಿದ್ದರೆ ಹತ್ತು ಸುತ್ತಿನೊಳಗೆ ಮಡ್‌ಗಾರ್ಡಿನ ಅಡಿ ಮೆತ್ತಿಕೊಂಡು ಚಕ್ರವೇ ತಿರುಗದು. ಮಳೆ ನಿಂತ ಮೇಲೆ ಒಂದೆರಡು ದಿನ ಬಿಸಿಲು ಬೀಳುವ ತನಕ ಎರೆ ದಾರಿಗೆ ಇಳಿಯಬೇಡಿ, ಗರಸಿನ ದಾರಿಯಲ್ಲೇ ಇರಿ. ಸಿಕ್ಕಿಹಾಕಿಕೊಂಡರೆ ತುಳಿಯಲು ಹೋಗದೆ ಇಳಿದು, ಕಡ್ಡಿಯಿಂದ ಮಣ್ಣು ಕೆರೆಯಿರಿ. ಬಲ ಹಾಕಿ ತುಳಿದರೆ ಮೊದಲು ಮಡ್‌ಗಾರ್ಡಿನ ತಂತಿ ಬಾಗುತ್ತದೆ, ಆಮೇಲೆ ಚೈನ್ ಕಳಚುತ್ತದೆ.

ನವೆಂಬರ್, ಡಿಸೆಂಬರ್‌ ಭತ್ತದ ಕೊಯ್ಲು. ಶಾಂತವಾದ ರಸ್ತೆಯಲ್ಲೂ ಆಗ ಕೊಯ್ಲಿನ ಯಂತ್ರ, ಟ್ರ್ಯಾಕ್ಟರುಗಳ ಸಾಲು. ಡಾಂಬರಿನ ಅರ್ಧ ಭಾಗದಲ್ಲಿ ಭತ್ತ ಒಣಹಾಕಿರುತ್ತಾರೆ. ಅದರ ಮೇಲೆ ಸೈಕಲ್ ಹಾಯಿಸುವುದು ತಪ್ಪಷ್ಟೇ ಅಲ್ಲ, ಕಾಳಿನ ಮೇಲೆ ಚಕ್ರ ಜಾರುತ್ತದೆ. ಹಾಗಾಗಿ ಜನವರಿ, ಫೆಬ್ರುವರಿಯೇ ಹದವಾದ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ; ಬೇಡ.

ಗಾಳಿ: ಜೂನ್‌ನಿಂದ ಆಗಸ್ಟ್ ತನಕ ಪಡುವಣ ಗಾಳಿ ಜೋರು. ಆಗ ಮುನಿರಾಬಾದ್ ಕಡೆಯಿಂದ ಮೂಡಲಕ್ಕೆ ಹೋದರೆ ಗಾಳಿ ಬೆನ್ನಿಗೆ. ಚಳಿಗಾಲದಲ್ಲಿ ಗಾಳಿ ಮೂಡಲಿನಿಂದ ಬೀಸುವುದು ಹೆಚ್ಚು. ಸಿಂಧನೂರಿನಿಂದ ಹೊರಟು ಪಡುವಣಕ್ಕೆ ಬನ್ನಿ.

*ಹತ್ತು ಕಿ.ಮೀ. ಹೋಗುವಷ್ಟರಲ್ಲಿ ಮೂರು ಪಂಚರ್. ಟೈರ್ ಹೊಸದು. ಏನು ಕಾರಣ? (ಸಿರುಗುಪ್ಪ)*

ಬಳ್ಳಾರಿ ಜಾಲಿ. ದಂಡೆಯ ಗಿಡ ಕಡಿದು ರಸ್ತೆಗೆ ಎಳೆದುಕೊಂಡು ಹೋದ ಜಾಗದಲ್ಲಿ ಮುಳ್ಳು ಉದುರಿರುತ್ತದೆ, ಅದು ಒಣಗಿದ ಮೇಲೆ ಮೊಳೆಯಂತೆ. ಬೇಸಿಗೆಯಲ್ಲಿ ಇದರ ಜೊತೆಗೆ ನೆಗ್ಗಿಲು ಮುಳ್ಳು. ಟೈರ್ ಹೊಸದಾದರೂ ತೆಳುವಾಗಿದ್ದರೆ ಉಳಿಯದು.

ಮೂರು ಪಂಚರ್ ಎಂದಿದ್ದೀರಿ. ಒಂದೇ ಮುಳ್ಳು ಮೂರು ಸಲ ಚುಚ್ಚಿರುವ ಸಾಧ್ಯತೆಯೇ ಹೆಚ್ಚು. ಟ್ಯೂಬಿಗೆ ತೇಪೆ ಹಾಕಿ, ಟೈರಿನೊಳಗೆ ಮುರಿದು ಉಳಿದ ತುದಿಯನ್ನು ನೋಡದೆ ಮತ್ತೆ ಗಾಳಿ ತುಂಬಿದರೆ ಹೀಗೇ ಆಗುವುದು. ಟೈರ್ ಬಿಚ್ಚಿದ ಮೇಲೆ ಒಳಮೈ ಉದ್ದಕ್ಕೂ ಹಳೆ ಬಟ್ಟೆಯನ್ನು ಎರಡೂ ದಿಕ್ಕಿನಲ್ಲಿ ಎಳೆಯಿರಿ. ಮುಳ್ಳಿದ್ದಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ. ಬರಿ ಬೆರಳಾದರೆ ರಕ್ತ. ತುದಿಯನ್ನು ಹೊರಗಿನಿಂದ ಕೀಳಲು ಬರದಿದ್ದರೆ ಒಳಗಿನಿಂದ ಚಿಮಟಿಗೆಯಲ್ಲಿ ಹಿಡಿದು ಎಳೆಯಿರಿ.

ತೇಪೆ ನಿಲ್ಲದಿರುವುದಕ್ಕೆ ಕಾರಣ ಅವಸರ. ಟ್ಯೂಬನ್ನು ಉಜ್ಜುಕಾಗದದಿಂದ ತೇಪೆಗಿಂತ ಅಗಲವಾಗಿ ಉಜ್ಜಿ, ಪುಡಿ ಒರೆಸಿ, ಸಲ್ಯೂಷನ್ ತೆಳುವಾಗಿ ಹಚ್ಚಿ ಐದು ನಿಮಿಷ ಬಿಡಿ. ಮುಟ್ಟಿದರೆ ಬೆರಳಿಗೆ ಅಂಟಬಾರದು. ಆಗ ತೇಪೆ ಒತ್ತಬೇಕು. ಹಸಿ ಸಲ್ಯೂಷನ್ ಮೇಲೆ ಒತ್ತಿದ ತೇಪೆ ಬಿಸಿಲಿಗೆ ಜಾರುತ್ತದೆ. ಒಂದು ಹೊಸ ಟ್ಯೂಬ್ ಜೊತೆಗಿದ್ದರೆ ದಾರಿಯಲ್ಲಿ ಅದನ್ನು ಹಾಕಿ, ತೇಪೆ ಕೆಲಸ ರಾತ್ರಿಗೆ ಇಟ್ಟುಕೊಳ್ಳಿ.

ಮುಂಜಾಗ್ರತೆಗೆ: 1.75ರಿಂದ 2 ಇಂಚಿನ ಟೈರ್, ಗಾಳಿಯ ಒತ್ತಡ 40 ಪಿ.ಎಸ್.ಐ. ಆಸುಪಾಸು. ಟೈರಿಗೂ ಟ್ಯೂಬಿಗೂ ನಡುವೆ ಹಳೆ ಟ್ಯೂಬನ್ನು ಉದ್ದಕ್ಕೆ ಸೀಳಿ ಪಟ್ಟಿಯಾಗಿ ಹಾಸುವುದು ಸೈಕಲ್ ಶಾಪಿನವರಿಗೆ ಗೊತ್ತಿರುವ ಉಪಾಯ. ಪಟ್ಟಿಯ ತುದಿಗಳನ್ನು ತೆಳುವಾಗಿ ಕೆರೆದು ಕೂಡಿಸದಿದ್ದರೆ ಆ ಅಂಚೇ ಟ್ಯೂಬನ್ನು ಕೊರೆಯುತ್ತದೆ. ತೂತನ್ನು ಒಳಗಿನಿಂದ ತಾನೇ ಮುಚ್ಚುವ ಸೀಲೆಂಟ್ ದ್ರವ ಹಾಕುವುದಾದರೆ ಬೈಕಿನ ಥರದ, ಒಳಪಿನ್ ಬಿಚ್ಚಲು ಬರುವ ವಾಲ್ವ್ ಇರಬೇಕು. ಹಳೆ ರಬ್ಬರ್ ವಾಲ್‌ಟ್ಯೂಬಿನಲ್ಲಿ ಅದು ಕಟ್ಟಿಕೊಳ್ಳುತ್ತದೆ. ದುಬಾರಿ ಸೈಕಲ್ಲಿನ ಸಪೂರ ವಾಲ್ವ್ ಇದ್ದವರು ಹಿತ್ತಾಳೆಯ ಪುಟ್ಟ ಅಡಾಪ್ಟರ್ ಮರೆಯದಿರಿ. ಅದಿಲ್ಲದಿದ್ದರೆ ಊರ ಪಂಪು ನಿಮಗೆ ಇದ್ದೂ ಇಲ್ಲದಂತೆ.

*ಮನೆಯಲ್ಲಿ ಅಪ್ಪನ 22 ಇಂಚಿನ ಸೈಕಲ್ ಇದೆ. ಗೇರ್ ಸೈಕಲ್ಲೇ ಬೇಕೇ? (ಕಾರಟಗಿ)*

ಬೇಡ. ಕಾಲುವೆ ಏರು ಹತ್ತುವುದಿಲ್ಲ. ದಂಡೆಯ ದಾರಿಯೂ ಹಾಗೆಯೇ. ಎದುರುಗಾಳಿಯೊಂದೇ ಇಲ್ಲಿನ ಗುಡ್ಡ. ಭಾರವೆನಿಸಿದರೆ ಹಿಂದಿನ 18 ಹಲ್ಲಿನ ಫ್ರೀವೀಲ್ ತೆಗೆಸಿ 20 ಹಲ್ಲಿನದು ಹಾಕಿಸಿ. ಚಕ್ರವನ್ನು ಸ್ವಲ್ಪ ಮುಂದೆ ಸರಿಸಿದರೆ ಹಳೆ ಚೈನೇ ಸಾಲುತ್ತದೆ. ಚೈನಿನ ನಡುಭಾಗ ಮೇಲೆ ಕೆಳಗೆ ಅರ್ಧ ಇಂಚು ಆಡುವಂತಿರಲಿ. ಖರ್ಚು ಮಾಡುವುದಿದ್ದರೆ ಬ್ರೇಕ್ ಶೂಗಳಿಗೆ ಮಾಡಿ: ಏರಿಯಿಂದ ಇಳಿಯುವ ಕಡಿದಾದ ಇಳಿಜಾರಿನಲ್ಲಿ ಅವೇ ಗತಿ.

*ಬಳ್ಳಾರಿ ಕಡೆಯಿಂದ ಹೊರಟು ಒಂದು ದಿನದಲ್ಲಿ ಮುಗಿಯುವ ಸುತ್ತು ಹೇಳಿ. (ಕುರುಗೋಡು)*

ಕಂಪ್ಲಿಯಿಂದ ಬುಕ್ಕಸಾಗರ, ಅಲ್ಲಿ ಸೇತುವೆ ದಾಟಿ ಕಡೆಬಾಗಿಲು, ಆನೆಗೊಂದಿ, ಗಂಗಾವತಿ, ಮತ್ತೆ ಕಂಪ್ಲಿ. ಒಟ್ಟು ಸುಮಾರು 50 ಕಿ.ಮೀ. ನದಿಯ ಎರಡೂ ದಂಡೆಯಲ್ಲಿ ವಿಜಯನಗರ ಕಾಲದ ಕಾಲುವೆಗಳು ಇಂದಿಗೂ ಗದ್ದೆಗೆ ನೀರುಣಿಸುತ್ತಿವೆ. ಬಾಳೆ, ಕಬ್ಬು, ತೆಂಗಿನ ನೆರಳು ಮುಖ್ಯ ಕಾಲುವೆಗಳ ದಂಡೆಯಲ್ಲಿ ಇಷ್ಟು ಸಿಗದು. ಮಳೆಗಾಲದಲ್ಲಿ ಜಲಾಶಯದಿಂದ ನದಿಗೆ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗುತ್ತದೆ, ವಿಚಾರಿಸಿಯೇ ಹೊರಡಿ. ಆನೆಗೊಂದಿ ಸುತ್ತ ವಾರದ ಕೊನೆಗೆ, ಹನುಮ ಜಯಂತಿಗೆ ಅಂಜನಾದ್ರಿಯ ಜನಸಂದಣಿ ಇರುತ್ತದೆ. ಮಂಗಳವಾರ, ಶನಿವಾರ ಬಿಟ್ಟರೆ ಒಳ್ಳೆಯದು. ಹೊಸಪೇಟೆ, ತೋರಣಗಲ್ಲು ನಡುವಿನ ಹೆದ್ದಾರಿಗೆ ಮಾತ್ರ ಸೈಕಲ್ ತರಬೇಡಿ. ಅದು ಅದಿರು ಲಾರಿಗಳ ರಾಜ್ಯ.

*ಬಾಯಾರಿದರೆ ಕಾಲುವೆ ನೀರು ಕುಡಿಯಬಹುದೇ? ಈಜು? (ಸಿಂಧನೂರು)*

ಎರಡೂ ಬೇಡ. ದಾರಿಯುದ್ದಕ್ಕೂ ಊರ ಚರಂಡಿ, ದನ ತೊಳೆಯುವುದು, ಔಷಧಿ ಹೊಡೆಯುವ ಡಬ್ಬಿ ತೊಳೆಯುವುದು ಎಲ್ಲ ಅದರಲ್ಲೇ. ಬಿಸಿಲಿನಲ್ಲಿ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್ ಬೇಕು. ಮೂರು ಲೀಟರ್ ಹೊತ್ತು ಹೊರಡಿ. ಊರುಗಳ ಶುದ್ಧ ನೀರಿನ ಘಟಕಕ್ಕೆ ನಾಣ್ಯ ಹಾಕಿದರೆ ಕೊಡ ತುಂಬುವಷ್ಟು ಒಮ್ಮೆಲೇ ಸುರಿಯುತ್ತದೆ. ಕೊಡ ತಂದವರಿಗೆ ನಾಣ್ಯ ನೀವು ಕೊಟ್ಟು, ನಿಮ್ಮ ಬಾಟಲಿ ತುಂಬಿಸಿಕೊಳ್ಳಿ.

ಈಜಿನ ಮಾತು ಬೇರೆ ತರಹದ್ದು. ಕಾಂಕ್ರೀಟ್ ಇಳಿಜಾರಿಗೆ ನೀರಿನ ಮಟ್ಟದಲ್ಲಿ ಪಾಚಿ ಕಟ್ಟಿರುತ್ತದೆ. ಈಜು ಬಂದವರಿಗೂ ಕಾಲು ಊರಲು, ಕೈ ಹಿಡಿಯಲು ಏನೂ ಸಿಗದು. ತೂಬು, ಗೇಟಿನ ಹತ್ತಿರ ಸೆಳೆತ ಒಳಕ್ಕೆ. ಕೈಕಾಲು ತೊಳೆಯುವುದಿದ್ದರೂ ಮೆಟ್ಟಿಲು ಕಟ್ಟಿದ ಕಡೆ ಮಾತ್ರ. ಯಾರಾದರೂ ಬಿದ್ದರೆ ಹಾರಬೇಡಿ. ಹಗ್ಗ, ಪಂಚೆ, ಸೀರೆ ಎಸೆಯಿರಿ, ದಂಡೆಯಲ್ಲೇ ಓಡುತ್ತ ಮುಂದಿನ ಮೆಟ್ಟಿಲ ತನಕ ಕೂಗಿ ಹೇಳಿ. ಕ್ಯಾರಿಯರಿಗೆ ಹತ್ತು ಮೀಟರ್ ನೈಲಾನ್ ಹಗ್ಗ ಸುತ್ತಿಕೊಂಡಿರುವುದು ಭಾರವಲ್ಲ.

*ಬೆಳದಿಂಗಳ ಸವಾರಿ? (ರಾಯಚೂರು)*

ಬೇಡ. ತಡೆಗೋಡೆ ಇಲ್ಲದ ದಂಡೆ, ಕುಸಿದ ಅಂಚು, ಬೆಚ್ಚಗಿನ ಡಾಂಬರಿನ ಮೇಲೆ ಹಾವು. ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲೇ ಊರು ಸೇರಿರಿ.

*ಒಂದು ಕಡೆಯಿಂದ ತುಳಿದು ಹೋಗಿ, ವಾಪಸ್ ರೈಲಿಗೆ ಬರಬಹುದೇ? (ಗಂಗಾವತಿ)*

ಗಿಣಿಗೇರಾದಿಂದ ಗಂಗಾವತಿ, ಕಾರಟಗಿ ಮಾರ್ಗವಾಗಿ ಈಗ ಸಿಂಧನೂರಿನವರೆಗೂ ರೈಲು ಇರುವುದರಿಂದ ಇದು ಸುಲಭವಾಗಿದೆ. ಸೈಕಲ್ಲನ್ನು ಲಗೇಜ್ ಬೋಗಿಗೆ ಬುಕ್ ಮಾಡಬೇಕು. ಸಣ್ಣ ನಿಲ್ದಾಣದಲ್ಲಿ ಆ ವ್ಯವಸ್ಥೆ ಇದೆಯೇ ಎಂದು ಹಿಂದಿನ ದಿನವೇ ಕೇಳಿ. ಪೆಡಲ್ ಬಿಚ್ಚಿ, ಹ್ಯಾಂಡಲ್ ಸಡಿಲಿಸಿ ಫ್ರೇಮಿಗೆ ಸಮವಾಗಿ ತಿರುಗಿಸಿ ಕಟ್ಟಿದರೆ ಜಾಗ ಅರ್ಧವಾಗುತ್ತದೆ. ಎಡ ಪೆಡಲ್ ಬಿಚ್ಚುವುದು ಉಲ್ಟಾ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ. ಗೊತ್ತಿಲ್ಲದೆ ಬಲ ಹಾಕಿದರೆ ಇನ್ನಷ್ಟು ಬಿಗಿಯಾಗುತ್ತದೆ, ಅಷ್ಟರಲ್ಲಿ ರೈಲು ಬಂದಿರುತ್ತದೆ.