ಖಾಲಿ ಕಾಡತೂಸನ್ನು ಮತ್ತೆ ತುಂಬುವಾಗ ಗುರಿ ಸ್ಪರ್ಧೆಗೊಂದು ವಿಧಾನ, ಬೇಟೆಗೆ ಇನ್ನೊಂದು ಯಾಕೆ?

ಸ್ಪರ್ಧಿಗೆ ಪ್ರತಿಯೊಂದು ಗುಂಡೂ ಹಿಂದಿನದರ ಪಡಿಯಚ್ಚಾಗಿರಬೇಕು. ಬೇಟೆಗಾರನಿಗೆ ಕಾಡತೂಸು ಎಲ್ಲೂ ಸಿಕ್ಕಿಕೊಳ್ಳದೆ ಒಳಗೆ ಹೋದರೆ ಸಾಕು. ಅಮೆರಿಕದಲ್ಲಿ ಹೀಗೆ ಕಾಡತೂಸು ತುಂಬುವುದು ದೊಡ್ಡ ಹವ್ಯಾಸವಾದ್ದರಿಂದ ಅಲ್ಲಿನವರ ರೂಢಿಯನ್ನೇ ಹೇಳುತ್ತೇನೆ.

ಗುಟ್ಟಿರುವುದು ಕಾಡತೂಸಿನ ಹಿತ್ತಾಳೆ ಚಿಪ್ಪಿನಲ್ಲಿ. ಗುಂಡು ಹಾರಿದಾಗ ಒಳಗಿನ ಒತ್ತಡಕ್ಕೆ ಹಿತ್ತಾಳೆಯ ಚಿಪ್ಪು ಉಬ್ಬಿ, ಆ ರೈಫಲ್ಲಿನ ಚೇಂಬರಿನ, ಅಂದರೆ ಕಾಡತೂಸು ಕೂರುವ ಜಾಗದ, ಅಳತೆಗೇ ಬಂದುಬಿಡುತ್ತದೆ. ಚೇಂಬರನ್ನು ಮುಚ್ಚುವ ಬೋಲ್ಟನ್ನು ಕೈಯಲ್ಲೇ ಎಳೆಯುವ ಒಂದೇ ರೈಫಲ್ ಬಳಸುವ ಸ್ಪರ್ಧಿ ಚಿಪ್ಪಿನ ಕತ್ತನ್ನಷ್ಟೇ, ಅಂದರೆ ಗುಂಡನ್ನು ಹಿಡಿಯುವ ತುದಿಯನ್ನಷ್ಟೇ, ಕಿರಿದು ಮಾಡಿ, ಮೈಯನ್ನು ಹಾಗೇ ಬಿಡಬಹುದು. ದರ್ಜಿ ಹೊಲಿದ ಅಂಗಿಯಂತೆ ಕೂರುತ್ತದೆ. ಆದರೆ ನಾಲ್ಕಾರು ಸಲ ಹಾರಿಸಿದ ಮೇಲೆ ಚಿಪ್ಪು ಬಿಗಿಯಾಗಿ ಬೋಲ್ಟ್ ಮುಚ್ಚುವುದೇ ಕಷ್ಟ. ಬೇಟೆಯಲ್ಲಿ ಹಾಗಾದರೆ ಪ್ರಾಣಿ ಓಡಿಹೋಯಿತು ಅಂತಲೇ. ಅದಕ್ಕೇ ಬೇಟೆಗಾರರು, ಅರೆ-ಸ್ವಯಂಚಾಲಿತ ಬಂದೂಕಿನವರು ಇಡೀ ಚಿಪ್ಪನ್ನು ಅಚ್ಚಿಗೆ ಹಾಕಿ ಕಿರಿದು ಮಾಡುತ್ತಾರೆ. ನಿಜ ಹೇಳಬೇಕೆಂದರೆ ಈಗ ಬಹಳಷ್ಟು ಸ್ಪರ್ಧಿಗಳೂ ಇದೇ ದಾರಿಗೆ ಬಂದಿದ್ದಾರೆ, ಒತ್ತುವುದು ಮಾತ್ರ ಕೂದಲೆಳೆಯಷ್ಟು.

ಮದ್ದಿನ ವಿಷಯವೂ ಹೀಗೇ. 1,000 ಗಜದ ಗುರಿಯಲ್ಲಿ ವೇಗದ ಸಣ್ಣ ವ್ಯತ್ಯಾಸವೂ ಗುಂಡನ್ನು ಮೇಲೆ-ಕೆಳಗೆ ಮಾಡುತ್ತದೆ, ಆದ್ದರಿಂದ ಪ್ರತಿ ಕಾಡತೂಸಿನ ಮದ್ದನ್ನೂ ತೂಗುತ್ತಾರೆ. 100 ಗಜದಲ್ಲಿ ಆ ವ್ಯತ್ಯಾಸ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ನೂರಾರು ಗುಂಡು ಹಾರಿಸುವ ಪಿಸ್ತೂಲು ಅಭ್ಯಾಸಿಗೆ ಅಷ್ಟು ತಾಳ್ಮೆ ದಂಡ. ಹಿಡಿಕೆ ಎಳೆದಾಗೆಲ್ಲ ಒಂದೊಂದು ಕಾಡತೂಸು ಉದುರಿಸುವ ಯಂತ್ರ, ಅಳತೆ ಬಟ್ಟಲಲ್ಲಿ ಅಳೆದ ಮದ್ದು ಅವನಿಗೆ ಸಾಕು.