ವರ್ಷದ ಕೊನೆಯ ರಜೆಗೆ ಮಕ್ಕಳು, ಮೊಮ್ಮಕ್ಕಳು ಬರ್ತಾರೆ. ಅಜ್ಜಿಯಾದ ನಾನು ಅವರ ಜೊತೆ ತಿರುಗಾಡಲಾ, ಮನೆಯಲ್ಲೇ ಇರಲಾ?

ಅಕ್ಕಾರೆ, ನಿಮ್ಮ ಪಟ್ಟಿ ನೋಡಿದ ಕೂಡಲೇ ಗುರುತು ಸಿಕ್ಕಿತು. ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಆಲಮಟ್ಟಿ, ಕೊನೆಗೆ ನಮ್ಮೂರ ಗೋಲಗುಮ್ಮಟ. ಪುಣೆಯಿಂದ ಮಗ, ಬೆಂಗಳೂರಿಂದ ಮಗಳು, ಐದು ದಿನದ ರಜೆ, ನಡುವೆ ಮೊಣಕಾಲು ನೋವಿನ ನೀವು. ಎಲ್ಲ ಹೇಗೆ ಮುಗಿಸಲಿ, ನಾನೂ ಹೋಗಲಾ, ಇಲ್ಲಾ ಬಾಗಲಕೋಟೆ ನವನಗರದ ಮನೆಯಲ್ಲೇ ಇದ್ದು ಅಡುಗೆ ನೋಡಿಕೊಳ್ಳಲಾ ಅಂತ ಕೇಳಿದ್ದೀರಿ. ನಾನು ವಿಜಯಪುರದವಳು. ಇದೇ ಪಟ್ಟಿಯನ್ನು ನಾನೂ ಬರೆದಿದ್ದೆ, ಮೊಮ್ಮಗನ ಹಳೇ ನೋಟ್‌ಬುಕ್ಕಿನ ಹಾಳೆ ಹರಿದು.

2021ರ ಡಿಸೆಂಬರ್ ಅದು. ಕೊರೊನಾ ಶುರುವಾದ ಮೇಲೆ ಮೊಮ್ಮಕ್ಕಳನ್ನು ಮೊಬೈಲಿನಲ್ಲಿ ನೋಡಿದ್ದೇ ಬಂತು. ಮಗ ಬೆಂಗಳೂರಿನವನು, ಮಗಳು ಹೈದರಾಬಾದಿನವಳು. ಇಬ್ಬರೂ ಕ್ರಿಸ್‌ಮಸ್ ರಜೆಗೆ ಬರ್ತೀವಿ ಅಂದಾಗ ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಂದ ಮಕ್ಕಳಿಗೆ ಒಂದು ದಿನವೂ ಬೇಜಾರಾಗಬಾರದು ಅಂತ ಎಲ್ಲ ದಿನಕ್ಕೂ ಒಂದೊಂದು ಊರು ಬರೆದಿಟ್ಟೆ. ಶೇಂಗಾ ಹೋಳಿಗೆ, ಕಡಕ್ ರೊಟ್ಟಿ, ಗುರೆಳ್ಳು ಚಟ್ನಿ ಎಲ್ಲ ಮೊದಲೇ ಮಾಡಿಟ್ಟು ಡಬ್ಬಿ ತುಂಬಿಸಿದೆ.

ಇನ್ನು ನನ್ನ ತಪ್ಪಿನ ಕಥೆ. ಇದನ್ನು ಸ್ವಲ್ಪ ಜಾಸ್ತಿಯೇ ಹೇಳ್ತೀನಿ, ಸಹಿಸಿಕೊಳ್ಳಿ.

ಆ ವರ್ಷ ದೀಪಾವಳಿ ನವೆಂಬರ್ 4ಕ್ಕಿತ್ತು. ಹಬ್ಬದ ದಿನವೇ ಮಗ ಫೋನ್ ಮಾಡಿ, "ಅವ್ವಾ, ಎಳ್ಳ ಅಮಾಸಿ ಯಾವಾಗ ಐತಿ? ಅದಕ್ಕ ಹೊಂದಿಸಿ ರಜಾ ಹಾಕ್ತೀನಿ" ಅಂತ ಕೇಳಿದ. ತಾನಾಗಿಯೇ ಕೇಳಿದ ನೋಡಿ. ಬಬಲೇಶ್ವರ ಕಡೆ ನಮ್ಮದೊಂದು ಹೊಲ ಇತ್ತು. ಅವನು ಸಣ್ಣವನಿದ್ದಾಗ ಎಳ್ಳ ಅಮಾವಾಸ್ಯೆಗೆ ಚಕ್ಕಡಿಯಲ್ಲಿ ಹೋಗಿ ಚರಗ ಚೆಲ್ಲಿದವನು. ಚರಗ ಅಂದರೆ ಎಡೆಯ ಅಡುಗೆಯನ್ನು ಭೂತಾಯಿಗೆ ಅಂತ ಹೊಲದ ತುಂಬ ಚೆಲ್ಲುವುದು. ತನ್ನ ಮಕ್ಕಳಿಗೂ ಅದನ್ನು ತೋರಿಸಬೇಕು ಅಂತ ಅವನ ಆಸೆ.

ನನ್ನ ಕೈಯೆಲ್ಲ ಹೂರಣವಾಗಿತ್ತು. ಮೊಣಕೈಯಿಂದಲೇ ಗೋಡೆಯ ಮೇಲಿನ ತೂಗು ಪಂಚಾಂಗದ ಹಾಳೆ ಎತ್ತಿದೆ. ಡಿಸೆಂಬರ್ 4ರ ಮನೆಯಲ್ಲಿ ಕರಿ ಚುಕ್ಕೆ ಕಂಡಿತು. "ಡಿಸೆಂಬರ್ ನಾಕಕ್ಕ ಐತಿ ತಗೋ, ನೀವು ಬರೂದ್ರಾಗ ಮುಗದಿರ್ತದ" ಅಂದುಬಿಟ್ಟೆ. ಅದು ಛಟ್ಟಿ ಅಮಾವಾಸ್ಯೆ! ದೀಪಾವಳಿ ಆದ ಮೇಲೆ ಛಟ್ಟಿ, ಛಟ್ಟಿ ಆದ ಮೇಲೆ ಎಳ್ಳು. ಹುಟ್ಟಿದಾಗಿಂದ ಹೊಲದ ಮನೆಯಲ್ಲಿ ಬೆಳೆದವಳಿಗೆ ಇದನ್ನು ಯಾರಾದರೂ ಹೇಳಿಕೊಡಬೇಕಾ? ಆದರೆ ಎಳ್ಳ ಅಮಾವಾಸ್ಯೆ ಒಂದು ವರ್ಷ ಡಿಸೆಂಬರ್‌ನಲ್ಲಿ ಬಂದರೆ ಇನ್ನೊಂದು ವರ್ಷ ಜನವರಿಗೆ ಜಾರುತ್ತದೆ. ಆ ಸಲ 2022ರ ಜನವರಿ 2ಕ್ಕೆ ಬಿದ್ದಿತ್ತು. ನಮ್ಮ ಗೋಡೆಯ ಮೇಲೆ ಹೊಸ ವರ್ಷದ ಪಂಚಾಂಗ ಇನ್ನೂ ಬಂದಿರಲಿಲ್ಲ. ಇದ್ದ ಕೊನೆಯ ಹಾಳೆಯಲ್ಲಿ ಕಂಡ ಒಂದೇ ಅಮಾವಾಸ್ಯೆಯನ್ನು ನಾನು ಹಿಡಿದುಕೊಂಡೆ.

ಇಷ್ಟೇ ಆಗಿದ್ದರೆ ಗಡಿಬಿಡಿ ಅಂತ ಬಿಡಬಹುದಿತ್ತು. ಡಿಸೆಂಬರ್ ನಡುವೆ, ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಮಾಡುತ್ತಿದ್ದ ರೈತ ಮನೆಗೆ ಬಂದ. "ಅವ್ವಾರ, ಅಮಾಸಿ ಎರಡನೇ ತಾರೀಕ ಐತ್ರಿ. ಸಣ್ಣ ಸಾಹುಕಾರ್ರು ಬರ್ತಾರಂತಲ್ಲ, ಚಕ್ಕಡಿ ಹೂಡ್ಲ್ಯಾ?" ಅಂತ ಕೇಳಿದ. ಆಗ ತಲೆಗೆ ಬಂತು. ಮಗ ಒಂದನೇ ತಾರೀಕು ಬೆಳಗ್ಗೆ ವಾಪಸ್ ಹೊರಡುವುದು ಅಂತ ಆಗಲೇ ತೀರ್ಮಾನವಾಗಿತ್ತು. ಫೋನ್ ಎತ್ತಿ ಒಂದು ಮಾತು ಹೇಳಿದ್ದರೆ ಮುಗೀತಿತ್ತು. ಹೇಳಲಿಲ್ಲ. ಪಾಪ ರಜೆ ಹಾಕಿದ್ದಾನೆ, ಸೊಸೆಗೆ ಸೋಮವಾರ ಕೆಲಸ ಇದೆ, ಈಗ ಎಲ್ಲ ಬದಲು ಮಾಡಿಸಿದರೆ ಅತ್ತೆಯ ಕಿರಿಕಿರಿ ಅನ್ನಿಸುತ್ತದೆ, ಹೇಗೂ ಬಾದಾಮಿ ಗೀದಾಮಿ ಅಂತ ತಿರುಗಾಟ ಇದೆಯಲ್ಲ, ಹೊಲಕ್ಕೆ ಬರುವ ವರ್ಷ ಹೋದರಾಯಿತು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಮ್ಮ ವಯಸ್ಸಿನ ಹೆಂಗಸರಿಗೆ ಇದೊಂದು ರೋಗ, ಅಲ್ವಾ? ಬೇಕಾದ್ದನ್ನು ಬಾಯಿ ಬಿಟ್ಟು ಕೇಳುವುದಿಲ್ಲ, ಆಮೇಲೆ ಒಳಗೇ ಕುದಿಯುತ್ತೇವೆ. ಮೇಲಿಂದ ಅದಕ್ಕೆ ತ್ಯಾಗ ಅಂತ ಹೆಸರು ಬೇರೆ.

ತಿರುಗಾಟ ಹೇಗಾಯಿತು ಅಂತೀರಾ? ಬಾದಾಮಿ, ಪಟ್ಟದಕಲ್ಲು, ಐಹೊಳೆಯನ್ನು ಒಂದೇ ದಿನಕ್ಕೆ ಹಾಕಿದ್ದೆ. ಇಲ್ಲಿಂದ ಬಾದಾಮಿಗೇ ಸುಮಾರು 120 ಕಿಲೋಮೀಟರ್. ನಸುಕಿನಲ್ಲಿ ಎಬ್ಬಿಸಿದ್ದಕ್ಕೆ ಮಕ್ಕಳು ದಾರಿಯುದ್ದಕ್ಕೂ ತೂಕಡಿಸಿದವು. ಬಾದಾಮಿ ಗುಹೆಯ ಮೆಟ್ಟಿಲ ಮೇಲೆ ಮಂಗ ಬಂದು ಚುರುಮುರಿ ಚೀಲ ಕಸಿದುಕೊಂಡು ಹೋಯಿತು. ಮೂರನೇ ಗುಹೆಯಲ್ಲಿ 578ರ ಶಾಸನ ಇದೆ, ಚಾಲುಕ್ಯರ ಮಂಗಳೇಶ ಬರೆಸಿದ್ದು ಅಂತ ಮಗ ಓದಿ ಹೇಳುತ್ತಿದ್ದನಂತೆ, ಮಕ್ಕಳು ಮಂಗನನ್ನೇ ಹುಡುಕುತ್ತಿದ್ದವಂತೆ. ನಾನು ಕೆಳಗೆ ಕೂತಿದ್ದೆ. ಐಹೊಳೆ ಮುಟ್ಟುವಷ್ಟರಲ್ಲಿ ಗೇಟು ಹಾಕುವ ಹೊತ್ತು. ಸಣ್ಣ ಮೊಮ್ಮಗಳು ಗಾಡಿಯಿಂದ ಇಳಿಯಲೇ ಇಲ್ಲ. ಕೂಡಲಸಂಗಮದಲ್ಲಿ ಬಸವಣ್ಣನ ಐಕ್ಯ ಮಂಟಪಕ್ಕೆ ಎಲ್ಲರೂ ಇಳಿದು ಹೋದರು, ನಾನು ಮೇಲೆ ಚಪ್ಪಲಿ ಮತ್ತು ಪರ್ಸು ಕಾಯ್ದೆ. ಗೋಲಗುಮ್ಮಟದಲ್ಲಿ ಆ ಕಡೆ ಗೋಡೆಗೆ ಪಿಸುಗುಟ್ಟಿದರೆ ಈ ಕಡೆ ಕೇಳಬೇಕು ತಾನೇ? ಹತ್ತಿ ಬಂದವರಿಗೆ ಕೇಳಿದ್ದು ಯಾರದೋ ಸೀಟಿ ಮತ್ತು ಕಿರುಚಾಟ.

ಜನವರಿ 1, ಶನಿವಾರ. ಆಗ ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಕರ್ಫ್ಯೂ ಇತ್ತು. ರಾತ್ರಿ ಹತ್ತರೊಳಗೆ ಮನೆ ಸೇರಬೇಕು ಅಂತ ಮಗ ಬೆಳಗ್ಗೆಯೇ ಬೆಂಗಳೂರಿಗೆ ಗಾಡಿ ಬಿಟ್ಟ. ಮಗಳೂ ಅದೇ ದಿನ ಹೋದಳು. ಮರುದಿನ ಭಾನುವಾರ ನಾನು ಮತ್ತು ಯಜಮಾನರು ಇಬ್ಬರೇ ಹೊಲಕ್ಕೆ ಹೋದೆವು. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಸುಣ್ಣ ಹಚ್ಚಿ ಪಾಂಡವರನ್ನು ಮಾಡಿದ್ದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಭಜ್ಜಿ, ಕಡುಬು, ಎಲ್ಲ ಎಡೆ ಹಿಡಿದೆವು. ರೈತನ ಮಕ್ಕಳು "ಹುಲಿಗ್ಯೋ" ಅಂತ ಕೂಗುತ್ತ ಜೋಳದ ಸಾಲಿನಲ್ಲಿ ಚರಗ ಚೆಲ್ಲುತ್ತ ಓಡಿದವು. ಯಜಮಾನರು ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದರು. ಅಲ್ಲೇ ಸಿಕ್ಕಿಬಿದ್ದೆ.

ಅರ್ಧ ತಾಸಿನಲ್ಲಿ ಮಗನ ಫೋನ್. "ಅವ್ವಾ, ಇವತ್ತ ಅಮಾಸಿ ಅಂತ ನಿನಗ ಮೊದ್ಲ ಗೊತ್ತಿತ್ತಾ?"

"ಗೊತ್ತಿತ್ತಪಾ. ನಿನ್ನ ಆಫೀಸು..."

"ಆಫೀಸು ನನ್ನ ಬ್ಯಾಗಿನ್ಯಾಗ ಇತ್ತಲ್ಲ!"

ನಿಜ. ಆಗ ಅವನು ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಲ್ಯಾಪ್‌ಟಾಪ್ ತಂದಿದ್ದ. ಇನ್ನೂ ಎಂಟು ದಿನ ಇರು ಅಂದರೂ ಇರುತ್ತಿದ್ದ. ನಾನು ಯಾವ ತೊಂದರೆ ತಪ್ಪಿಸಿದೆ ಅಂದುಕೊಂಡಿದ್ದೆನೋ, ಆ ತೊಂದರೆ ಇರಲೇ ಇಲ್ಲ.

ಹೊಲಕ್ಕೆ ಬರುವ ವರ್ಷ ಹೋದರಾಯಿತು ಅಂದುಕೊಂಡಿದ್ದೆನಲ್ಲ, ಅದರ ಮಾತು ಕೇಳಿ. ಅದೇ 2022ರ ಡಿಸೆಂಬರ್ 23ಕ್ಕೆ ಮತ್ತೆ ಎಳ್ಳ ಅಮಾವಾಸ್ಯೆ ಬಂತು. ಒಂದೇ ಕ್ಯಾಲೆಂಡರ್ ವರ್ಷದಲ್ಲಿ ಎರಡು! ಆದರೆ ಅಷ್ಟರಲ್ಲಿ ಅಣ್ಣತಮ್ಮಂದಿರು ಪಾಲಾಗಿದ್ದರು. ಬನ್ನಿ ಗಿಡ ಇದ್ದ ಆ ಹೊಲ ಮೈದುನನ ಪಾಲಿಗೆ ಹೋಯಿತು, ಅವರು ಅದನ್ನು ಮಾರಿದರು. ಈಗ ಅಲ್ಲಿ ದ್ರಾಕ್ಷಿ ಪಡಕ್ಕೆ ಕಂಬ ನೆಟ್ಟು ತಂತಿ ಎಳೆದಿದ್ದಾರೆ. ಗಿಡ ತೆಗೆದರು. ಪಾಲಿನ ಮಾತು 2021ರಲ್ಲೇ ಮನೆಯಲ್ಲಿ ನಡೆದಿತ್ತು, ಅದೂ ನನಗೆ ಗೊತ್ತಿತ್ತು. ನನ್ನ ಮೊಮ್ಮಕ್ಕಳು ತಮ್ಮ ಮನೆತನದ ಹೊಲದಲ್ಲಿ ಚರಗ ಚೆಲ್ಲಲಿಲ್ಲ, ಇನ್ನು ಚೆಲ್ಲುವುದೂ ಇಲ್ಲ. ಪಟ್ಟದಕಲ್ಲು 8ನೇ ಶತಮಾನದಿಂದ ಹಾಗೇ ನಿಂತಿದೆ, 1987ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ, ಮುಂದಿನ ವರ್ಷವೂ ಇರುತ್ತದೆ. ನಮ್ಮ ಹೊಲಕ್ಕೆ ಯಾರ ಕಾವಲೂ ಇರಲಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರ್ತೀನಿ. "ಎಲ್ಲ ಜಾಗ ಹೇಗೆ ಮುಗಿಸಲಿ" ಅನ್ನುವ ಪ್ರಶ್ನೆಯನ್ನೇ ಬಿಟ್ಟುಬಿಡಿ. ಮುಗಿಸುವ ಗುತ್ತಿಗೆ ನಿಮಗೆ ಯಾರು ಕೊಟ್ಟರು? ಮಕ್ಕಳಿಗೆ ಇತಿಹಾಸ ಗೊತ್ತಾಗಲಿ ಅಂತ ಬರೆದಿದ್ದೀರಿ. ಗೊತ್ತಾಗುವುದಿಲ್ಲ ಅಕ್ಕಾರೆ. ಒಂದೇ ದಿನಕ್ಕೆ ಮೂರು ಊರು ನೋಡಿದ ಮಗುವಿಗೆ ಎಲ್ಲವೂ ಕೆಂಪು ಕಲ್ಲೇ.

ಅಡುಗೆಗೆ ಅಂತ ಮನೆಯಲ್ಲಿ ಉಳಿಯುವುದಂತೂ ಬೇಡವೇ ಬೇಡ. ಬಾಗಲಕೋಟೆಯಲ್ಲಿ ರೊಟ್ಟಿ, ಹೋಳಿಗೆ ಮಾಡಿ ಮಾರುವ ಹೆಣ್ಣುಮಕ್ಕಳಿಗೆ ಬರವಿಲ್ಲ. ಎರಡು ದಿನ ಮೊದಲೇ ಹೇಳಿಡಿ. ಸೊಸೆ ಏನಂದಾಳು ಅಂತ ಯೋಚನೆ ಮಾಡಬೇಡಿ. ನೀವು ನಸುಕಿನಲ್ಲಿ ಎದ್ದು ಪಾತ್ರೆ ಸದ್ದು ಮಾಡದಿದ್ದರೆ ಅವಳಿಗೂ ಇನ್ನೊಂದು ತಾಸು ನಿದ್ದೆ.

ನೀವು ಬರೆದಿದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆ ಒಂದು ಸಾಲು. ನಿಮ್ಮ ಹಳೇ ಮನೆ ಆಲಮಟ್ಟಿ ಹಿನ್ನೀರಿನಲ್ಲಿ ಹೋಯಿತು, ಆಮೇಲೆ ನವನಗರಕ್ಕೆ ಬಂದೆವು ಅಂತ ಸುಮ್ನೆ ಹಾಗೇ ಹೇಳಿ ಮುಂದೆ ಹೋಗಿದ್ದೀರಿ. ಮೊಮ್ಮಕ್ಕಳಿಗೆ ಅದನ್ನು ತೋರಿಸಿದ್ದೀರಾ? ಒಂದು ಸಂಜೆ ಆಟೋ ಮಾಡಿಕೊಂಡು ಹಳೇ ಬಾಗಲಕೋಟೆ ಕಡೆ ನೀರಿನ ದಂಡೆಗೆ ಕರೆದುಕೊಂಡು ಹೋಗಿ. ಇಲ್ಲಿ ನಮ್ಮ ಓಣಿ ಇತ್ತು, ಇಲ್ಲಿಂದ ನಿಮ್ಮಪ್ಪ ಶಾಲೆಗೆ ಹೋಗ್ತಿದ್ದ ಅಂತ ಕೈ ಮಾಡಿ ತೋರಿಸಿ. ಅದಕ್ಕೆ ಮೆಟ್ಟಿಲು ಹತ್ತಬೇಕಿಲ್ಲ, ಟಿಕೆಟ್ಟೂ ಇಲ್ಲ. ಅದನ್ನು ತೋರಿಸುವ ಗೈಡು ನೀವೊಬ್ಬರೇ. ಆಮೇಲೆ ಆಲಮಟ್ಟಿಗೆ ಕರೆದುಕೊಂಡು ಹೋಗಿ ಅಣೆಕಟ್ಟು ತೋರಿಸಿದರೆ ಆ ನೀರು ಎಲ್ಲಿಂದ ಎಲ್ಲಿಗೆ ಬಂತು ಅಂತ ಅವರಿಗೇ ತಿಳಿಯುತ್ತದೆ. ಇದು ನಿಮ್ಮ ದಿನ. ಇದನ್ನು ಮೊದಲು ಗಟ್ಟಿ ಮಾಡಿ. ಫೋನ್ ಮಾಡಿ, ತಾರೀಕು ಹೇಳಿ, "ಆವತ್ತು ಎಲ್ಲರೂ ನನ್ನ ಜೊತೆ ಬರಬೇಕು" ಅಂತ ಸ್ಪಷ್ಟವಾಗಿ ಹೇಳಿ. ನಿಮಗೆ ಅನುಕೂಲವಾದರೆ ಅಂತ ಎಳೆಯಬೇಡಿ. ಉಳಿದ ದಿನ ಅವರೇ ಏನಾದರೂ ಮಾಡಿಕೊಳ್ಳಲಿ.

2024ರಲ್ಲಿ ನಾನು ಹಾಗೇ ಮಾಡಿದೆ. ಡಿಸೆಂಬರ್ 30ಕ್ಕೆ ಅಮಾವಾಸ್ಯೆ ಇತ್ತು. ದಸರೆಯ ಹೊತ್ತಿಗೇ ಇಬ್ಬರಿಗೂ ತಾರೀಕು ಹೇಳಿಬಿಟ್ಟೆ. ಅದೇ ಹಳೇ ರೈತ ಈಗ ಬೇರೆಯವರ ಹೊಲ ಮಾಡ್ತಾನೆ, ಅಲ್ಲಿಗೆ ಕರೆದ. ದೊಡ್ಡ ಮೊಮ್ಮಗ ಬರಲಿಲ್ಲ, ಅವನಿಗೆ ಪಿಯುಸಿ ಕೋಚಿಂಗ್. ಐಹೊಳೆಯಲ್ಲಿ ಗಾಡಿಯಿಂದ ಇಳಿಯದಿದ್ದ ಸಣ್ಣವಳು ಮಾತ್ರ ಎಲ್ಲರಿಗಿಂತ ಜೋರಾಗಿ ಹುಲಿಗ್ಯೋ ಅಂತ ಕೂಗಿ, ಸಂಜೆಗೆ ಗಂಟಲು ಕಟ್ಟಿಸಿಕೊಂಡಳು. ಸೊಸೆ ಬೈದಳು. ಬೈಯಲಿ ಬಿಡಿ.

ಮೊಣಕಾಲಿನ ಬಗ್ಗೆ ಕೇಳಿದ್ದಕ್ಕೆ ಹೇಳ್ತೀನಿ. ಪಟ್ಟದಕಲ್ಲು ಸಮತಟ್ಟು ಜಾಗ, ಹುಲ್ಲಿನ ಮೇಲೆ ನಿಧಾನ ಓಡಾಡಬಹುದು, ಅಲ್ಲಿಗೆ ನೀವೂ ಹೋಗಿ. ಬಾದಾಮಿ ಗುಹೆಗೆ ಹತ್ತಬೇಡಿ. ಅವರು ಹತ್ತಿ ಬರುವ ತನಕ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಭೂತನಾಥ ಗುಡಿಯ ಕಡೆ ಕೂತಿರಿ. ಗೋಲಗುಮ್ಮಟದ ಮೂಲೆಯ ಗೋಪುರದ ಮೆಟ್ಟಿಲು ಇಕ್ಕಟ್ಟು ಮತ್ತು ಎತ್ತರ, ಅದಂತೂ ನಮ್ಮಂಥವರಿಗಲ್ಲ. ಮಕ್ಕಳಾದರೂ ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು. ಡಿಸೆಂಬರ್ ಅಂದರೆ ಶಾಲೆಗಳ ಪ್ರವಾಸದ ಕಾಲ, ಬಿಸಿಲೇರಿದ ಮೇಲೆ ಒಳಗೆ ಗದ್ದಲವೋ ಗದ್ದಲ.

ಇನ್ನೊಂದು. ಬಾದಾಮಿಗೆ ದಿನ ಗೊತ್ತು ಮಾಡುವ ಮೊದಲು ಬನದ ಹುಣ್ಣಿಮೆ ಯಾವಾಗ ಅಂತ ಹೊಸ ವರ್ಷದ ಪಂಚಾಂಗದಲ್ಲೇ ನೋಡಿ. ಕೆಲವು ವರ್ಷ ಅದು ಜನವರಿ ಮೊದಲ ವಾರಕ್ಕೇ ಬರುತ್ತದೆ. ಆವತ್ತೇ ಬಾದಾಮಿ ಹತ್ತಿರದ ಬನಶಂಕರಿ ತೇರು, ಆ ದಿನ ಆ ದಾರಿಯಲ್ಲಿ ಗಾಡಿ ಮುಂದೆ ಹೋಗುವುದಿಲ್ಲ. ತೇರು ಮುಗಿದ ಮೇಲೂ ಜಾತ್ರೆ ಇರುತ್ತದೆ, ನಾಟಕ ಕಂಪನಿಗಳು ಇರುತ್ತವೆ, ಆಗ ಹೋದರೆ ಮಕ್ಕಳಿಗೆ ನಾಟಕವನ್ನೂ ತೋರಿಸಬಹುದು. ಬುತ್ತಿ ಕಟ್ಟಿಕೊಂಡು ಹೋಗಬೇಡಿ. ಗುಡಿಯ ಹೊರಗೆ ಬುಟ್ಟಿ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳು ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಗಡಿಗೆ ಮೊಸರು ಕೊಡ್ತಾರೆ. ಖಾರ ಜಾಸ್ತಿ ಇರುತ್ತದೆ, ಪುಣೆಯ ಮಕ್ಕಳಿಗೆ ಮೊಸರು ಎರಡು ಸಲ ಹಾಕಿಸಿ.